ಗುರುಕಾಣಿಕೆಗೆ ಅಳತೆ ಯಾವುದು?

ಅಷ್ಟಾವರಣಗಳಲ್ಲಿ ಗುರುವಿಗೇ ಮೊದಲ ಸ್ಥಾನವಿತ್ತ ಧರ್ಮ ನಮ್ಮದು. ದೀಕ್ಷೆಯನ್ನೀಯುವ ಗುರು ಬೇರೆ, ಶಾಲೆಯ ಗುರು ಬೇರೆ ಎಂಬುದು ದಿಟ. ಆದರೂ ಮಗುವಿನ ಕೈಹಿಡಿದು ಅಕ್ಷರ ತಿದ್ದಿಸಿದವರಿಗೆ ಹಬ್ಬದ ದಿನ ಏನಾದರೂ ಅರ್ಪಿಸಬೇಕೆಂಬ ಭಾವ ಸ್ತುತ್ಯವಾದುದು. ಪ್ರಶ್ನೆಯಿರುವುದು ಅದರ ಅಳತೆಯಲ್ಲಿ.

ಸೆಪ್ಟೆಂಬರ್ 5 ಸಮೀಪಿಸಿತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಇದೇ ಮಾತು. ದೀಪಾವಳಿಗೆ ಮತ್ತೆ ಅದೇ. ಒಬ್ಬ ತಾಯಿ ಹೂವು ಕಳುಹಿಸಿದರೆ ಇನ್ನೊಬ್ಬರು ಸೀರೆ, ಮತ್ತೊಬ್ಬರು ಬೆಳ್ಳಿಯ ಬಟ್ಟಲು. “ಅವರು ಅಷ್ಟು ಕೊಟ್ಟಿದ್ದಾರೆ, ನಾವು ಕಡಿಮೆ ಕೊಟ್ಟರೆ ನಮ್ಮ ಮಗುವನ್ನು ಹೇಗೆ ಕಂಡಾರು?” ಎಂಬ ಅಳುಕು ಹುಟ್ಟಿದೊಡನೆ ಕಾಣಿಕೆಯು ಕಪ್ಪವಾಗಿಬಿಡುತ್ತದೆ. ಕೊಡುವವರಿಗೆ ಭಯ, ಕೊಳ್ಳುವವರಿಗೆ ಋಣ. ಸರ್ಕಾರಿ ಶಾಲೆಯ ಶಿಕ್ಷಕರಿಗಂತೂ ನಡತೆಯ ನಿಯಮಗಳೇ ಇಂತಹ ಉಡುಗೊರೆಗೆ ಮಿತಿ ವಿಧಿಸಿವೆ.

ಶಿಕ್ಷಕರ ದಿನಾಚರಣೆ 1962ರಲ್ಲಿ ಆರಂಭವಾದುದು ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನದಂದು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿ, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಆ ಗೌರವಕ್ಕೆ ತಗುಲಿದ ವೆಚ್ಚ ಹೂವಿನದಷ್ಟೆ. ಅದನ್ನು ಮೈಸೂರು ಇಂದಿಗೂ ಮರೆತಿಲ್ಲ.

ನಮ್ಮ ಶರಣರಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಮನೆಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಬಡತನದಲ್ಲಿದ್ದೂ ‘ಸಾಕು’ ಎನ್ನಬಲ್ಲ ಆ ತಾಯಿಯ ಎದುರು ನಮ್ಮ ಬೆಳ್ಳಿಯ ಬಟ್ಟಲು ಹಗುರವೆನಿಸದೆ?

ಹಾಗಾದರೆ ಎಷ್ಟು ವೆಚ್ಚ ಮಾಡಬೇಕು? ತರಗತಿಯಲ್ಲಿ ಎಲ್ಲರಿಗಿಂತ ಬಡವರಾದವರು ಸಂಕೋಚವಿಲ್ಲದೆ ಎಷ್ಟು ಕೊಡಬಲ್ಲರೋ ಅಷ್ಟು. ಆಟೋ ಓಡಿಸುವವರ ಮಗುವೂ ಕಂಪೆನಿಯ ಅಧಿಕಾರಿಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಒಂದು ಹೂವು, ಮಗು ತನ್ನ ಕೈಯಾರೆ ಬರೆದ ನಾಲ್ಕು ಸಾಲು ಸಾಕು. ಅದಕ್ಕಿಂತ ಹೆಚ್ಚು ಮಾಡಬೇಕೆನಿಸಿದರೆ ಎಲ್ಲರೂ ಹೆಸರು, ಮೊತ್ತ ಬರೆಯದೆ ಒಂದೇ ಡಬ್ಬಿಗೆ ಹಾಕಲಿ. ಅದರಿಂದ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಬರಲಿ. ಶಾಲೆಯ ಆಯಾ, ಕಸ ಗುಡಿಸುವವರು, ಕಾವಲುಗಾರರನ್ನೂ ಆ ದಿನ ನೆನೆಯಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದವರ ಮಕ್ಕಳು ನಾವು.

ಶಿವಾರ್ಪಿತವೆಂದು ಕೊಟ್ಟುದಕ್ಕೆ ಪ್ರತಿಫಲದ ಅಪೇಕ್ಷೆಯಿಲ್ಲದಿದ್ದರೆ ಅದು ದಾಸೋಹ. ಅಂಕದ ಮೇಲೆ ಕಣ್ಣಿಟ್ಟು ಕೊಟ್ಟರೆ ವ್ಯಾಪಾರ. ಈ ಎರಡರ ಅಂತರವನ್ನು ಮಗು ನಮ್ಮ ಉಪದೇಶದಿಂದ ಕಲಿಯುವುದಿಲ್ಲ. ನಾವು ಕೊಡುವ ರೀತಿಯನ್ನು ನೋಡಿ ಕಲಿಯುತ್ತದೆ.