ಹಿತ್ತಿಲಿನಿಂದ ಗ್ರಹಗಳ ಛಾಯಾಚಿತ್ರ

ಶನಿಯ ಬಳೆಗಳನ್ನು ಪಾಠಪುಸ್ತಕದಲ್ಲಿ ಮಾತ್ರ ಕಂಡಿದ್ದ ನಾವು ಅವುಗಳ ಚಿತ್ರವನ್ನು ಸ್ವತಃ ತೆಗೆಯಲು ಹೊರಟುದು 2020ನೆಯ ಇಸವಿ ಡಿಸೆಂಬರ್ 21ರ ಸಂಜೆ. ಅಂದು ಗುರು ಶನಿಗಳ ನಡುವಣ ಅಂತರವು ಚಂದ್ರಬಿಂಬದ ಅಗಲದಲ್ಲಿ ಸುಮಾರು ಐದರಲ್ಲೊಂದು ಪಾಲಾಗಿದ್ದಿತು. ಚನ್ನಗಿರಿಯ ಮನೆಯ ಹಿತ್ತಿಲಲ್ಲಿ ಐದಂಗುಲ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿ, ಅದರ ಕಣ್ಣುಮಸೂರಕ್ಕೆ ಮೊಬೈಲ್ ಫೋನನ್ನು ಒತ್ತಿ ಹಿಡಿದೆವು. ದೊರೆತುದೇನು? ಎರಡು ಬಿಳಿಯ ಕಲೆಗಳು! ಮನೆಯವರು ನಕ್ಕರು, ನಾವೂ ನಕ್ಕೆವು. ಆದರೆ ಕಾರಣವನ್ನು ವಿಚಾರಿಸದೆ ಬಿಡಲಿಲ್ಲ.

ಕಾರಣಗಳು ಮೂರು. ಮೊದಲನೆಯದು ಬೆಳಕು. ಸುತ್ತಲಿನ ಕತ್ತಲೆಯನ್ನು ಕಂಡ ಫೋನು ಹೆಚ್ಚು ಹೊತ್ತು ಬೆಳಕನ್ನು ಹೀರುವುದರಿಂದ ಹೊಳೆಯುವ ಗ್ರಹವು ಬೆಳ್ಳಗಾಗಿಬಿಡುವುದು. ಬೆಳಕನ್ನು ತಗ್ಗಿಸಿದರೆ ಗುರುವಿನ ಪಟ್ಟೆಗಳು ತೋರುವುವು. ಆದರೆ 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಮರೆಯಾಗುವುವು. ಆದುದರಿಂದ ಎರಡಕ್ಕೂ ಬೇರೆ ಬೇರೆ ಚಿತ್ರಗಳೇ ಬೇಕು.

ಎರಡನೆಯದು ಚಲನೆ. ಭೂಮಿ ತಿರುಗುವುದರಿಂದ, ನೂರು ಮಡಿ ಹಿಗ್ಗಿಸಿ ನೋಡುವಾಗ ಗ್ರಹವು ಎರಡು ನಿಮಿಷಗಳೊಳಗೆ ನೋಟದಿಂದ ಜಾರಿಹೋಗುವುದು. ಇದರೊಡನೆ ಕೈಯ ನಡುಕವೂ ಸೇರುವುದು. ಫೋನನ್ನು ಹಿಡಿಕೆಯಿಂದ ಬಿಗಿದುದೇ ಇದಕ್ಕೆ ಪರಿಹಾರವಾಯಿತು.

ಮೂರನೆಯದು ಗಾಳಿ. ಹೊನ್ನಾಳಿಯಲ್ಲಿ ತುಂಗಭದ್ರೆಯ ಹರಿಯುವ ನೀರಿನೊಳಗಣ ಕಲ್ಲು ಹೇಗೆ ಅಲುಗಾಡುವಂತೆ ಕಾಣುವುದೋ, ಗಾಳಿಯ ಮೂಲಕ ಗ್ರಹವೂ ಹಾಗೆಯೇ ಕಾಣುವುದು. ದಿಗಂತದ ಬಳಿ ಗಾಳಿಯ ಪದರವು ದಪ್ಪ. ನಾವು ಮೊದಲು ಎಡವಿದುದು ಅಲ್ಲಿಯೇ. ನಮ್ಮ ಸೀಮೆಯು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಗುರು ಶನಿಗಳು ದಕ್ಷಿಣಕ್ಕೆ ಎಷ್ಟೇ ವಾಲಿದರೂ ನಡುಬಾನಿನ ರೇಖೆಯನ್ನು ದಾಟುವಾಗ ಸುಮಾರು 50 ಡಿಗ್ರಿ ಎತ್ತರದಲ್ಲಿರುವುವು. ಲಂಡನ್ನಿನಲ್ಲಾದರೆ ಆಗ ಸುಮಾರು 15 ಡಿಗ್ರಿ ಮಾತ್ರ. ಇದು ಹಣ ಕೊಡದೆ ನಮಗೆ ದೊರೆತ ಭಾಗ್ಯ.

2022ರ ಸೆಪ್ಟೆಂಬರ್ 26ರಂದು ಗುರುವು ಭೂಮಿಗೆ ಸುಮಾರು 59 ಕೋಟಿ ಕಿಲೋಮೀಟರು ದೂರದಷ್ಟು ಸಮೀಪಕ್ಕೆ ಬಂದಿದ್ದನು. ಮಳೆ ತೀರಿದ ಮೇಲೆ, ನವೆಂಬರಿನ ಒಂದು ರಾತ್ರಿ, ಅವನು ನೆತ್ತಿಯ ಸಮೀಪಕ್ಕೇರುವ ತನಕ ಕಾದು, ಒಂದು ನಿಮಿಷದ ವಿಡಿಯೋ ತೆಗೆದೆವು. ಅದರಲ್ಲಿನ 1800 ಚಿತ್ರಗಳಲ್ಲಿ ನಿಶ್ಚಲವಾದವುಗಳನ್ನು ಕಂಪ್ಯೂಟರಿನಲ್ಲಿ ಆರಿಸಿ, ಒಂದರ ಮೇಲೊಂದಿಟ್ಟಾಗ ಎರಡು ಕಂದು ಪಟ್ಟೆಗಳು ಸ್ಪಷ್ಟವಾದುವು. ಇನ್ನೂ ತಿದ್ದಿ ತೀಡಿದರೆ ಇಲ್ಲದ ಗೆರೆಗಳೂ ಮೂಡುವುವು, ಅಲ್ಲಿಗೆ ನಿಲ್ಲಿಸಿದೆವು. ಉಗುರಿನಷ್ಟು ಚಿಕ್ಕದಾದರೂ ಆ ಚಿತ್ರವು ನಿಜವಾದುದು.

ಪೋಷಕರಲ್ಲಿ ಒಂದು ಬಿನ್ನಹ. ಗ್ರಹಗಳು ಪ್ರಕಾಶವುಳ್ಳವಾದುದರಿಂದ ಬೀದಿಯ ದೀಪವು ಅಷ್ಟಾಗಿ ಅಡ್ಡಿಯಲ್ಲ. ನ್ಯಾಮತಿಯ ಅಂಗಳವೂ ಜಗಳೂರಿನ ಬಯಲೂ ಸಾಕು. ಹಗಲಿನಲ್ಲಿ ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸಗೊಡಬೇಡಿರಿ, ಕಣ್ಣೇ ಹೋದೀತು. ರಾತ್ರಿಯಾದರೋ, ಮಗಳು ಹಿತ್ತಿಲಿಗೆ ಹೊರಟಾಗ "ಹೊತ್ತಾಯಿತು, ಒಳಗೆ ಬಾ" ಎನ್ನದೆ, ನೀವೂ ಜೊತೆಗೆ ಹೋಗಿ ನಿಲ್ಲಿರಿ. ನಮ್ಮ ಮನೆಯವರು ಹಾಗೆ ನಿಲ್ಲದಿದ್ದಲ್ಲಿ ಆ ಎರಡು ಪಟ್ಟೆಗಳು ನಮಗೆ ದಕ್ಕುತ್ತಿರಲಿಲ್ಲ.