ಮೀನಿನ ಪಂಚಾಂಗ

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಕಡಲು ಹೆಚ್ಚು ಉಕ್ಕುವುದನ್ನು ಕಾಸರಗೋಡಿನ ಕರಾವಳಿಯ ಮಕ್ಕಳೆಲ್ಲ ಬಲ್ಲರು. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಸೂರ್ಯಚಂದ್ರರ ಸೆಳೆತ ಒಂದುಗೂಡುತ್ತದೆಂದು ನಾವು ಶಾಲೆಯಲ್ಲಿ ಪಾಠ ಹೇಳುತ್ತೇವೆ. ಆ ಉಬ್ಬರದ ಲೆಕ್ಕ ಹಿಡಿದು ಸಂತಾನ ಬೆಳೆಸುವ ಮೀನುಗಳೂ ಉಂಟೆಂಬುದು ಸೋಜಿಗದ ಸಂಗತಿ.

ಅಮೆರಿಕದ ಕ್ಯಾಲಿಫೋರ್ನಿಯ ಕರಾವಳಿಯಲ್ಲಿ ಗ್ರುನಿಯನ್ ಎಂಬ ಸಣ್ಣ ಮೀನಿದೆ. ಉದ್ದ ಸುಮಾರು 15 ಸೆಂಟಿಮೀಟರ್. ಮಾರ್ಚಿನಿಂದ ಆಗಸ್ಟಿನವರೆಗೆ, ಅಮಾವಾಸ್ಯೆ ಹುಣ್ಣಿಮೆಗಳ ಬಳಿಕದ ಕೆಲವು ರಾತ್ರಿ, ಉಬ್ಬರ ತುದಿ ಮುಟ್ಟಿ ನೀರು ಇಳಿಯತೊಡಗಿದಾಗ ಇವು ಅಲೆಯೊಡನೆ ದಂಡೆಗೇರುತ್ತವೆ. ಹೆಣ್ಣು ಬಾಲವನ್ನು ಮುಂದಿಟ್ಟು ಮರಳಲ್ಲಿ ಹೂತುಕೊಂಡು ಮೊಟ್ಟೆಯಿಡುತ್ತದೆ; ಗಂಡು ಅದನ್ನು ಬಳಸಿ ವೀರ್ಯ ಸುರಿಸುತ್ತದೆ. ಮುಂದಿನ ರಾತ್ರಿಗಳ ಉಬ್ಬರ ಕ್ರಮೇಣ ತಗ್ಗುವುದರಿಂದ ಮೊಟ್ಟೆ ಕೊಚ್ಚಿಹೋಗದು. ಸುಮಾರು 10 ದಿನಗಳಲ್ಲಿ ಮರಿ ಸಿದ್ಧವಾದರೂ ಹೊರಬರುವುದಿಲ್ಲ. ಮುಂದಿನ ದೊಡ್ಡ ಉಬ್ಬರದ ಅಲೆ ಮರಳನ್ನು ಕಲಕಿದಾಗಲೇ ಮೊಟ್ಟೆಯೊಡೆದು ಕಡಲು ಸೇರುತ್ತದೆ.

ಉಬ್ಬರ ರಾತ್ರಿಯನ್ನು ಗೊತ್ತುಮಾಡಿದರೆ, ಋತುವನ್ನು ತಿಳಿಸುವುದರಲ್ಲಿ ಹಗಲಿನ ಪಾತ್ರ ದೊಡ್ಡದು. ಮೀನಿನ ಮಿದುಳಿನ ಪೀನಿಯಲ್ ಗ್ರಂಥಿ ಬೆಳಕನ್ನು ಅರಿತು, ಕತ್ತಲಲ್ಲಿ ಮೆಲಟೋನಿನ್ ಸ್ರವಿಸುತ್ತದೆ. ಇರುಳು ಗಿಡ್ಡವಾದಂತೆ ಆ ಸ್ರಾವದ ಅವಧಿಯೂ ತಗ್ಗುವುದು. ಸಮಶೀತೋಷ್ಣ ವಲಯದ ಅನೇಕ ಮೀನುಗಳಿಗೆ ಮೊಟ್ಟೆ ಬಲಿಯುವ ಕಾಲವನ್ನು ತಿಳಿಸುವ ಸೂಚನೆಗಳಲ್ಲಿ ಇದೂ ಒಂದು.

ಭೂಮಧ್ಯರೇಖೆಗೆ ಸಮೀಪವಿರುವ ನಮ್ಮಲ್ಲಿ ಹಗಲಿನ ಉದ್ದ ಅಷ್ಟಾಗಿ ಬದಲಾಗದು. ನಾವು ಬೂತಾಯಿಯೆಂದೂ ಮಲಯಾಳಿಗಳು ಮತ್ತಿಯೆಂದೂ ಕರೆಯುವ ಮೀನಿಗೆ ಮುಂಗಾರು ಮಳೆಯೇ ಪಂಚಾಂಗ. ಅದರ ಮೊಟ್ಟೆಯಿಡುವ ಮುಖ್ಯ ಕಾಲ ಜೂನ್‌ನಿಂದ ಆಗಸ್ಟ್.

ಮೀನು ಒಂದೆಡೆ ನೆರೆಯುವ ಈ ಹೊತ್ತೇ ಬಲೆಗೂ ಅನುಕೂಲ. ಆಗ ಬಾಚಿದರೆ ಬರುವ ವರ್ಷಗಳ ಮೀನನ್ನೂ ಬಾಚಿದಂತೆಯೇ. ಆದಕಾರಣ ಕ್ಯಾಲಿಫೋರ್ನಿಯದಲ್ಲಿ ಏಪ್ರಿಲಿನಿಂದ ಜೂನ್‌ವರೆಗೆ ಗ್ರುನಿಯನ್ ಹಿಡಿಯುವಂತಿಲ್ಲ. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 1988ರಲ್ಲಿ ಆರಂಭವಾಯಿತು. 2024ರಲ್ಲಿ ಅದು ಇಲ್ಲಿ 52 ದಿನ, ತಲಪಾಡಿಯಾಚೆಯ ಕರ್ನಾಟಕದಲ್ಲಿ 61 ದಿನ ಇತ್ತು. ಗಡಿ ನಮಗುಂಟು, ಮೀನಿಗಿಲ್ಲ. ಎರಡೂ ರಾಜ್ಯಗಳ ದಿನಗಳು ಒಂದಾದರೆ ಲೇಸೆಂದು ನಮ್ಮ ಅಭಿಪ್ರಾಯ.

ಗೃಹಿಣಿಯರಿಂದಲೂ ಆಗಬೇಕಾದ ಕೆಲಸವಿದೆ. ಕೇರಳದ ನಿಯಮದಂತೆ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಲಾಗದು. ಬುಟ್ಟಿಯಲ್ಲಿ ಅಂಥ ಮರಿಮೀನು ಕಂಡರೆ ಅಗ್ಗವೆಂದು ಕೊಳ್ಳದಿರೋಣ. ಒಮ್ಮೆಯಾದರೂ ಮೊಟ್ಟೆಯಿಡುವ ಅವಕಾಶ ಅದಕ್ಕೆ ದೊರೆತರೆ, ನಾಳೆ ನಮ್ಮ ಮಕ್ಕಳ ಬಟ್ಟಲಿಗೂ ಮೀನು ಉಳಿದೀತು.