ಕಂದಕದ ಈಚೆ ದಡದ ಹೊಣೆ

ಕಬ್ಬಿಣದ ಕಂಬಿಗಳ ಬದಲು ಆಳವಾದ ಕಂದಕವನ್ನು ತೋಡಿ, ಕಾಡುಪ್ರಾಣಿಗಳು ಬಯಲಿನಲ್ಲಿಯೇ ಇರುವಂತೆ ತೋರಿಸುವ ವಿಧಾನವನ್ನು ರೂಢಿಗೆ ತಂದವನು ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್. 1907ರಲ್ಲಿ ಹ್ಯಾಂಬರ್ಗಿನ ಬಳಿ ಅವನು ತೆರೆದ ಮೃಗಾಲಯವನ್ನು ಕಂಡು ಜಗತ್ತಿನ ಅನೇಕ ನಗರಗಳು ಇದೇ ಮಾದರಿಯನ್ನು ಅನುಸರಿಸಿದವು. 1959ರಲ್ಲಿ ಆರಂಭವಾದ ದೆಹಲಿಯ ಮೃಗಾಲಯದ ಯೋಜನೆಗೂ ಆ ಮನೆತನದವರೇ ಸಲಹೆಗಾರರಾಗಿದ್ದರು. ಪಂಜರದ ಬಾಳಿನಿಂದ ಪ್ರಾಣಿಗಳನ್ನು ಬಿಡಿಸಿದ ಈ ಸುಧಾರಣೆ ಮೆಚ್ಚತಕ್ಕದ್ದೇ. ಆದರೆ ಕಂದಕದ ಅಗಲ ಮತ್ತು ಆಳಗಳನ್ನು ಪ್ರಾಣಿಯ ನೆಗೆತದ ಶಕ್ತಿಯನ್ನು ಅಳೆದು ನಿರ್ಧರಿಸಲಾಗುತ್ತದೆಯೇ ಹೊರತು, ಮನುಷ್ಯನೇ ಒಳಗೆ ಇಳಿಯಬಹುದೆಂಬ ಸಾಧ್ಯತೆಗೆ ಅದೇ ಪ್ರಮಾಣದ ಗಮನ ಸಿಗುವುದಿಲ್ಲ. ನೋಟಕ್ಕೆ ಅಡ್ಡಿಯಾಗಬಾರದೆಂದು ಜನ ನಿಲ್ಲುವ ಕಡೆಯ ಗೋಡೆಯನ್ನು ಗಿಡ್ಡವಾಗಿಯೇ ಉಳಿಸುವುದರಿಂದ, ಈಚೆ ದಡ ದುರ್ಬಲವಾಗಿಬಿಡುತ್ತದೆ.

2016ರ ಮೇ 28ರಂದು ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಮೂರು ವರ್ಷದ ಬಾಲಕನೊಬ್ಬ ಸುಮಾರು ಮೂರು ಅಡಿ ಎತ್ತರದ ತಡೆಯನ್ನು ದಾಟಿ, ಹದಿನೈದು ಅಡಿ ಕೆಳಗಿನ ಕಂದಕದ ನೀರಿಗೆ ಬಿದ್ದನು. ಹರಾಂಬೆ ಎಂಬ ಹದಿನೇಳು ವರ್ಷದ ಗಂಡು ಗೊರಿಲ್ಲಾ ಅವನನ್ನು ಹಿಡಿದು ಎಳೆದಾಡತೊಡಗಿದಾಗ, ಸುಮಾರು ಹತ್ತು ನಿಮಿಷಗಳ ಬಳಿಕ ಸಿಬ್ಬಂದಿ ಅದನ್ನು ಗುಂಡಿಟ್ಟು ಕೊಂದರು. ಅರಿವಳಿಕೆ ಮದ್ದನ್ನು ಏಕೆ ಬಳಸಲಿಲ್ಲವೆಂಬ ಪ್ರಶ್ನೆ ಆಗ ಎಲ್ಲೆಡೆ ಕೇಳಿಬಂದಿತು. ದೂರದಿಂದ ಹಾರಿಸುವ ಮದ್ದಿನ ಸೂಜಿ ಪ್ರಾಣಿಯನ್ನು ತಕ್ಷಣ ಮಲಗಿಸುವುದಿಲ್ಲ; ಮದ್ದು ದೇಹದಲ್ಲಿ ಹರಡಲು ಹಲವು ನಿಮಿಷಗಳು ಬೇಕಾಗುತ್ತವೆ, ಅಷ್ಟರಲ್ಲಿ ಸೂಜಿ ಚುಚ್ಚಿದ ನೋವಿಗೆ ಅದು ಕೆರಳುವ ಸಂಭವವೂ ಇದೆ. ಮಗುವಿನ ಪ್ರಾಣವನ್ನು ಆರಿಸಿಕೊಂಡ ಆ ನಿರ್ಧಾರವನ್ನು ತಪ್ಪೆನ್ನಲಾಗದು. ಅಂಥ ಆಯ್ಕೆಯ ಮುಂದೆ ಸಿಬ್ಬಂದಿಯನ್ನು ತಂದು ನಿಲ್ಲಿಸಿದ ಗೋಡೆಯೇ ಇಲ್ಲಿ ವಿಚಾರಣೆಗೆ ಒಳಗಾಗಬೇಕಾದದ್ದು.

ತಾಯಿಯ ಅಜಾಗರೂಕತೆಯನ್ನು ಜನ ಕಟುವಾಗಿ ನಿಂದಿಸಿದರೂ, ಆಕೆಯ ಮೇಲೆ ಮೊಕದ್ದಮೆ ಹೂಡಲು ಅಲ್ಲಿನ ಸರ್ಕಾರಿ ವಕೀಲರು ಒಪ್ಪಲಿಲ್ಲ. ಆ ದಿನ ಇದ್ದ ತಡೆ ನಿಯಮಕ್ಕೆ ಅನುಗುಣವಾಗಿರಲಿಲ್ಲವೆಂದು ಅಮೆರಿಕದ ಕೃಷಿ ಇಲಾಖೆಯ ತಪಾಸಣೆ ಮುಂದೆ ತಿಳಿಸಿತು. ಜೂನ್ 7ರಂದು ಆವರಣವು 42 ಇಂಚು ಎತ್ತರದ, ಬಲೆ ಹೊದಿಸಿದ ತಡೆಯೊಡನೆ ಮತ್ತೆ ತೆರೆಯಿತು. ಹತ್ತೇ ದಿನಗಳಲ್ಲಿ ಆದ ಈ ಕೆಲಸ, 1978ರಲ್ಲಿ ಆವರಣ ತೆರೆದಂದಿನಿಂದ ಆಗದೆ ಉಳಿದಿತ್ತು.

ಸಿನ್ಸಿನಾಟಿಯ ಘಟನೆಗೂ ಸುಮಾರು ಎರಡು ವರ್ಷ ಮೊದಲು, 2014ರ ಸೆಪ್ಟೆಂಬರ್ 23ರಂದು, ದೆಹಲಿಯ ಮೃಗಾಲಯದಲ್ಲಿ ಬಿಳಿಹುಲಿಯ ಕಂದಕದೊಳಗೆ ಸೇರಿದ ಯುವಕನ ಎದುರು ವಿಜಯ್ ಎಂಬ ಹುಲಿ ಕೆಲವು ನಿಮಿಷ ಸುಮ್ಮನೆ ನಿಂತಿತ್ತು. ಅದನ್ನು ಬೆದರಿಸಲೆಂದು ಮೇಲಿದ್ದ ಜನ ಕೂಗಿ ಕಲ್ಲೆಸೆದರೆಂದು ಪ್ರತ್ಯಕ್ಷದರ್ಶಿಗಳು ಹೇಳಿದ್ದಾರೆ, ಯುವಕ ಉಳಿಯಲಿಲ್ಲ. ಹುಲಿಯನ್ನು ಕೊಲ್ಲದೆ ಉಳಿಸಿಕೊಂಡದ್ದು ನ್ಯಾಯವಾಗಿಯೇ ಇತ್ತು, ಏಕೆಂದರೆ ತನ್ನ ನೆಲೆಯೊಳಗೆ ಬಂದ ಜೀವಿಯ ಮೇಲೆ ಎರಗುವುದು ಹುಲಿಯ ಸ್ವಭಾವವೇ ಹೊರತು ಅಪರಾಧವಲ್ಲ.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಮೃಗಾಲಯದ ಪ್ರಾಣಿಗಳನ್ನು ಕೆಣಕುವುದನ್ನೂ ಗದ್ದಲದಿಂದ ಕಾಡುವುದನ್ನೂ ನಿಷೇಧಿಸುತ್ತದೆ. ಮೈಸೂರು, ಬನ್ನೇರುಘಟ್ಟಗಳೂ ಸೇರಿದಂತೆ ದೇಶದ ಮೃಗಾಲಯಗಳಿಗೆ ಮಾನ್ಯತೆ ನೀಡುವ ಅಧಿಕಾರ ಕೇಂದ್ರ ಮೃಗಾಲಯ ಪ್ರಾಧಿಕಾರದ್ದು. ಪ್ರೇಕ್ಷಕರ ಹೊಣೆ ನಿಜವಾದದ್ದೇ. ಆದರೂ ಮೃಗಾಲಯಕ್ಕೆ ಅರಿಯದ ಮಕ್ಕಳೂ, ಕುಡಿದವರೂ, ಮನಸ್ಸು ಕದಡಿದವರೂ ಬರುತ್ತಾರೆಂಬುದು ಮೊದಲೇ ತಿಳಿದಿರುವುದರಿಂದ, ಎಚ್ಚರವುಳ್ಳವರಿಗಾಗಿ ಮಾತ್ರ ಕಟ್ಟಿದ ಗೋಡೆ ಸಾಲದು. ಮಗು ಕಾಲೂರಿ ಹತ್ತಲಾಗದ ತಡೆ, ಪ್ರಾಣಿಯನ್ನು ಒಳಮನೆಗೆ ಕರೆದುಕೊಳ್ಳುವ ಅಭ್ಯಾಸ, ಕಾವಲಿನವರಿಗೆ ಕೈಗೆಟಕುವ ಸಲಕರಣೆ ಮತ್ತು ಆಗಾಗ ಅಣಕು ಕಾರ್ಯಾಚರಣೆ, ಇವೆಲ್ಲ ಆಡಳಿತವೇ ಹೊರಬೇಕಾದ ಹೊಣೆಗಳು. ಕಂದಕದ ಮೇಲೆ ನೆರೆದವರು ಆ ಗಳಿಗೆಯಲ್ಲಿ ಮಾಡಬಹುದಾದ ದೊಡ್ಡ ಸಹಾಯವೆಂದರೆ ಸಿಬ್ಬಂದಿಗೆ ಸುದ್ದಿ ಮುಟ್ಟಿಸಿ, ಕೂಗದೆ, ಏನನ್ನೂ ಎಸೆಯದೆ ಅಲ್ಲಿಂದ ಹಿಂದೆ ಸರಿಯುವುದು.